ದೇವರಿಲ್ಲದ ಮರ

ನಮ್ಮ ಹಳ್ಳಿಗಳ ಕಡೆ ಮರಗಳಿಗೆ ಒಂದು ಬಗೆಯ ರಕ್ಷಣೆ ಇರುತ್ತದೆ. ಅರಳಿಗೆ ಕಟ್ಟೆ ಇರುತ್ತದೆ, ಕಟ್ಟೆಯ ಮೇಲೆ ನಾಗರಕಲ್ಲುಗಳಿರುತ್ತವೆ. ಬೇವಿಗೆ ಮಾರಮ್ಮನಿದ್ದಾಳೆ. ಬನ್ನಿಯ ಕಡೆ ವರ್ಷವೆಲ್ಲ ಯಾರೂ ತಿರುಗಿ ನೋಡದಿದ್ದರೂ ವಿಜಯದಶಮಿಯ ಸಂಜೆ ಊರಿಗೆ ಊರೇ ಅದರ ಬುಡಕ್ಕೆ ಬರುತ್ತದೆ. ಬಿಲ್ವ ಶಿವನಿಗೆ, ಅತ್ತಿ ದತ್ತಾತ್ರೇಯನಿಗೆ. ದೇವರು ಒಪ್ಪಿಕೊಳ್ಳದ ಮರವನ್ನು ದೆವ್ವವಾದರೂ ಕಾಯುತ್ತದೆ. ಕತ್ತಲಾದ ಮೇಲೆ ಹುಣಸೆಮರದ ಹತ್ತಿರ ಕೊಡಲಿ ಹಿಡಿದು ಹೋಗುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ದೇವರೂ ದೆವ್ವವೂ ಇಲ್ಲದವುಗಳಿಗೆ ಹೊಟ್ಟೆಪಾಡಿನ ಬೆಂಬಲ ಉಂಟು. ಮಾವು, ಹಲಸು, ನೇರಳೆಗಳಿಗೆ ಹಣ್ಣು, ಹೊಂಗೆಗೆ ದೀಪದ ಎಣ್ಣೆ ಮತ್ತು ಗದ್ದೆಯ ಸೊಪ್ಪು, ಜಾಲಿಗೆ ನೇಗಿಲು. ಕಡಿಯುವವನು ಕಡಿಯುವ ಮೊದಲು ಒಮ್ಮೆ ಲೆಕ್ಕ ಹಾಕಬೇಕಾಗುತ್ತದೆ.

ಈ ಯಾವ ರಕ್ಷಣೆಯೂ ಇಲ್ಲದ ಮರವೊಂದು ಟಿ. ದಾಸರಹಳ್ಳಿಯಲ್ಲಿ ನಮ್ಮ ಮನೆಯ ಮುಂದೆ, ರಸ್ತೆಯ ಅಂಚಿನಲ್ಲಿ, ಸುಮಾರು ನಲವತ್ತು ವರ್ಷದಿಂದ ನಿಂತಿದೆ. ಮಳೆಮರ ಎಂದು ಅದರ ಹೆಸರು. ಅದಕ್ಕೆ ಪೂಜೆಯಿಲ್ಲ, ಅದರ ಮೇಲೊಂದು ಗಾದೆಯಿಲ್ಲ, ಅದರ ತೊಗಟೆಯನ್ನು ಅರೆದು ಕುಡಿದರೆ ಇಂಥ ಕಾಯಿಲೆ ವಾಸಿ ಎಂದು ಹೇಳುವ ಅಜ್ಜಿಯಿಲ್ಲ. ಅದು ಕೊಡುವುದು ನೆರಳು ಒಂದನ್ನೇ. ನೆರಳು ಒಂದನ್ನೇ ಕೊಡುವ ಮರಕ್ಕೆ ಬದುಕುವ ಹಕ್ಕು ಎಷ್ಟು, ಆ ನೆರಳಿನಲ್ಲಿ ಕುಳಿತವರಿಗೆ ಆ ಮರದ ಮೇಲೆ ಹಕ್ಕು ಎಷ್ಟು, ನೆಟ್ಟವನ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗಳು ನನ್ನನ್ನು ಈಚಿನ ವರ್ಷಗಳಲ್ಲಿ ಬಿಡದೆ ಕಾಡಿವೆ. ಪುಸ್ತಕ ಓದಿ ಹುಟ್ಟಿದ ಪ್ರಶ್ನೆಗಳಲ್ಲ ಇವು. ಎದುರು ಮನೆಯವರು ಮರ ತೆಗೆಸಬೇಕೆಂದು ಅರ್ಜಿ ಕೊಟ್ಟದ್ದರಿಂದ ಹುಟ್ಟಿದವು.

ಮರದ ವಿಷಯ ಮೊದಲು ಹೇಳಿಬಿಡುತ್ತೇನೆ. ಸಸ್ಯಶಾಸ್ತ್ರದವರು ಅದನ್ನು ಸಮಾನಿಯ ಸಮಾನ್ ಎನ್ನುತ್ತಾರೆ. ಅದರ ತವರು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಕೈಯಲ್ಲಿ ಸಿಂಹಳಕ್ಕೆ ಬಂದು, ಅಲ್ಲಿಂದ ನಮ್ಮ ಕಡೆ ದಾಟಿತು. ಕೊಡೆಯನ್ನು ಅರ್ಧ ಬಿಡಿಸಿ ಹಿಡಿದ ಹಾಗೆ ಅದರ ಆಕಾರ. ಎತ್ತರಕ್ಕಿಂತ ಅಗಲವೇ ಹೆಚ್ಚು. ಸಂಜೆಯಾಗುತ್ತಿದ್ದಂತೆ ಎಲೆಗಳನ್ನು ಮಡಿಚಿಕೊಳ್ಳುತ್ತದೆ, ಮೋಡ ಕವಿದರೂ ಮಡಿಚುತ್ತದೆ. ಹೀಗಾಗಿ ಮಳೆಯ ನೀರು ನೇರವಾಗಿ ಬುಡಕ್ಕೆ ಇಳಿಯುತ್ತದೆ, ಅದಕ್ಕೇ ಆ ಹೆಸರು ಎನ್ನುವವರಿದ್ದಾರೆ. ತಮಿಳಿನವರು ಇದಕ್ಕೆ ‘ತೂಂಗುಮೂಂಜಿ’ ಎನ್ನುತ್ತಾರೆ, ನಿದ್ದೆಗಣ್ಣಿನ ಮುಖದ ಮರ ಎಂದು ಅರ್ಥ. ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಧರ್ಮಪುರಿ ಕಡೆಯವರು, ಅವರ ಬಾಯಲ್ಲಿ ಈ ಹೆಸರು ಕೇಳಿದ ಮೇಲೆ ‘ಮಳೆಮರ’ ಎನ್ನುವುದು ನನಗೆ ಸಪ್ಪೆ ಎನಿಸತೊಡಗಿತು. ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿಸಿ, ಯುಗಾದಿಯ ಸುಮಾರಿಗೆ ಮತ್ತೆ ಚಿಗುರಿ, ಬೇಸಗೆಯಲ್ಲಿ ಗುಲಾಬಿ ಬಣ್ಣದ ಕುಂಚದಂಥ ಹೂ ಬಿಡುತ್ತದೆ. ಕರಿಯ ಕಾಯಿಯೊಳಗೆ ಅಂಟಂಟಾದ ಸಿಹಿ ತಿರುಳಿರುತ್ತದೆ. ಅದನ್ನು ದನಗಳು ಆಸೆಪಟ್ಟು ತಿನ್ನುತ್ತವೆ. ದನಗಳು ನಮ್ಮ ಬೀದಿಗೆ ಬರುತ್ತಿದ್ದ ಕಾಲದಲ್ಲಿ ತಿನ್ನುತ್ತಿದ್ದವು ಎಂದು ಹೇಳುವುದು ಸರಿ.

ತವರಿನಲ್ಲಿ ಈ ಮರಕ್ಕೆ ದಿಕ್ಕಿರಲಿಲ್ಲ ಎಂದುಕೊಳ್ಳಬೇಡಿ. 1800ರಲ್ಲಿ ಜರ್ಮನಿಯ ಪ್ರವಾಸಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ವೆನೆಜುವೆಲಾದಲ್ಲಿ ಒಂದು ಮಳೆಮರವನ್ನು ಕಂಡ. ದೂರದಿಂದ ಅದು ಅವನಿಗೆ ಹಸಿರು ಮುಚ್ಚಿದ ಗುಡ್ಡದಂತೆ ಕಂಡಿತಂತೆ; ಹತ್ತಿರ ಹೋದರೆ ಒಂದೇ ಮರ. ಆ ಕಣಿವೆಯ ಜನ, ಅದರಲ್ಲೂ ಮೂಲನಿವಾಸಿಗಳು, ಅದನ್ನು ಪೂಜ್ಯವೆಂದು ಕಾಣುತ್ತಿದ್ದರು. ಅದರ ಒಂದು ಕೊಂಬೆ ಕಡಿದ ರೈತನ ಮೇಲೆ ಮರದ ಒಡೆಯ ದಾವೆ ಹೂಡಿ, ನ್ಯಾಯಾಲಯ ರೈತನನ್ನು ತಪ್ಪಿತಸ್ಥನೆಂದಿತು ಎಂಬುದನ್ನೂ ಹಂಬೋಲ್ಟ್ ಸಂತೋಷದಿಂದ ಬರೆದಿಟ್ಟಿದ್ದಾನೆ. ಅಂದರೆ ಅಲ್ಲಿ ಅದಕ್ಕೆ ಭಕ್ತರೂ ಇದ್ದರು, ವಕೀಲರೂ ಇದ್ದರು. ಕಡಲು ದಾಟುವಾಗ ಎರಡನ್ನೂ ಬಿಟ್ಟು ಬಂತು. ವಲಸೆ ಹೋಗುವವರ ಪಾಡು ಮರಗಳಿಗೂ ತಪ್ಪಿದ್ದಲ್ಲ.

ಬೆಂಗಳೂರಿನಲ್ಲಿ ಇಂಥ ಮರಗಳನ್ನು ‘ಅಲಂಕಾರದ ಮರ’ ಎಂದು ಕರೆದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಕೃಂಬಿಗಲ್ ಜರ್ಮನಿಯವರು. ಇಂಗ್ಲೆಂಡಿನ ಕ್ಯೂ ತೋಟದಲ್ಲಿಯೂ ಬರೋಡಾದಲ್ಲಿಯೂ ಕೆಲಸ ಮಾಡಿ ಬಂದಿದ್ದರು. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳುವಂತೆ ರಸ್ತೆಗಳಿಗೆ ಮರ ಆರಿಸಿದರೆಂಬುದು ಅವರ ಹೆಸರಿನೊಂದಿಗೆ ಉಳಿದಿರುವ ಮಾತು. ಜಕರಾಂಡ, ಗುಲ್‌ಮೊಹರ್, ಟಬೆಬುಯ ಎಲ್ಲ ಬೇರೆ ಬೇರೆ ಖಂಡಗಳಿಂದ ಬಂದ ನೆಂಟರು. ನಮ್ಮ ಜನ ಅವುಗಳಿಗೆ ತಮ್ಮದೇ ಹೆಸರಿಟ್ಟುಕೊಂಡರು. ಗುಲ್‌ಮೊಹರ್ ಮಕ್ಕಳ ಕೈಯಲ್ಲಿ ಕತ್ತಿಕಾಯಿ ಮರವಾಯಿತು. ಆಫ್ರಿಕದ ಇನ್ನೊಂದು ಮರದ ಮೊಗ್ಗನ್ನು ಹಿಸುಕಿದರೆ ನೀರು ಚಿಮ್ಮುತ್ತದೆ. ಅದಕ್ಕೆ ದೊಡ್ಡವರು ನೀರುಕಾಯಿ ಮರ ಎಂದರು, ಮಕ್ಕಳು ಇಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ಆದರೂ ಅಲಂಕಾರ ಎಂಬ ಮಾತಿನೊಳಗೆ ಒಂದು ತಾತ್ಸಾರ ಅಡಗಿದೆ. ನಮ್ಮ ತಂದೆ ಗುಬ್ಬಿ ಕಡೆಯ ರೈತರು. ಊರಿಂದ ಬಂದಾಗ ನಾನು ನೆಟ್ಟ ಗಿಡವನ್ನು ಸುತ್ತ ಬಂದು ನೋಡಿ, “ತಿನ್ನೋಕ್ಕಾಗಲ್ಲ, ನೇಗಿಲಿಗಾಗಲ್ಲ, ಕೈ ಮುಗಿಯೋಕ್ಕೂ ಆಗಲ್ಲ. ಇದಕ್ಯಾಕಪ್ಪ ನೀರು ಹೊರ್ತೀಯ?” ಎಂದಿದ್ದರು. ಅವರ ಪ್ರಶ್ನೆಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಬಾವಿಯಿಂದ ಸೇದಿದ ಒಂದೊಂದು ಕೊಡಕ್ಕೂ ಲೆಕ್ಕ ಹೇಳಬೇಕಾದ ಜೀವನ ಅವರದು. ನೆರಳಿಗೆಂದೇ ಮರ ಬೆಳೆಸುವುದು ಅವರ ಕಣ್ಣಿಗೆ ಊಟಕ್ಕಿಲ್ಲದವನು ಪನ್ನೀರು ಕೊಂಡ ಹಾಗೆ ಕಂಡಿರಬೇಕು.

ನಾನು ದಾಸರಹಳ್ಳಿಯಲ್ಲಿ ಮೂವತ್ತು–ನಲವತ್ತರ ಸೈಟು ಕೊಂಡು ಮನೆ ಕಟ್ಟಿಸಿದ್ದು 1986ರಲ್ಲಿ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಆಗ ಎಂಟನೇ ಮೈಲಿ ಎಂದರೆ ಬಸ್ಸಿನ ಕಂಡಕ್ಟರು ಕೂಡ ಇನ್ನೂ ಊರು ಬಂದಿಲ್ಲ ಎನ್ನುವ ಧಾಟಿಯಲ್ಲಿ ಕೂಗುತ್ತಿದ್ದ. ದಾಸರಹಳ್ಳಿ ನಗರಸಭೆಯಾಗಿ, ಆ ನಗರಸಭೆ 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿದ್ದು ಎಲ್ಲ ಆಮೇಲಿನ ಕತೆ. ರಾಗಿ ಹೊಲವನ್ನು ಸುಣ್ಣದ ಗೆರೆ ಎಳೆದು ತುಂಡು ಮಾಡಿದ ಬಡಾವಣೆ ನಮ್ಮದು. ಮಧ್ಯಾಹ್ನದ ಪಾಳಿ ಮುಗಿಸಿ ಬರುವಾಗ ಹೆದ್ದಾರಿಯಿಂದ ಮನೆಯವರೆಗೆ ತಲೆ ಮರೆಸಲು ಒಂದು ಪೊದೆಯೂ ಇರಲಿಲ್ಲ.

ಬೀಜ ತಂದದ್ದು ಕಬ್ಬನ್ ಪಾರ್ಕಿನಿಂದ. ಬಿದ್ದ ಕಾಯಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಹೂತರೆ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ. ಕುದಿ ಇಳಿಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಬಿತ್ತಬೇಕು. ನಾನು ಕಾರ್ಖಾನೆಯವನಾದ್ದರಿಂದ ಅರದಿಂದ ತುದಿಯನ್ನು ಒಂದಿಷ್ಟು ಉಜ್ಜಿಯೂ ನೋಡಿದೆ. ವಾರದೊಳಗೆ ಮೊಳಕೆ. ಒಂದು ಮಳೆಗಾಲ ಡಾಲ್ಡಾ ಡಬ್ಬಿಯಲ್ಲಿ ಬೆಳೆಸಿ, ಮರು ವರ್ಷ ಮೂರಡಿ ಗುಂಡಿಗೆ ಕೆರೆಗೋಡು ಮತ್ತು ಸೆಗಣಿ ತುಂಬಿ ನೆಟ್ಟೆ. ಆಮೇಲಿನ ಕೆಲಸ ಮೇಕೆಗಳಿಂದ ಕಾಯುವುದು. ಅದಕ್ಕಿಂತ ಮುಖ್ಯವಾದದ್ದು ಪಕ್ಕದ ಕವಲುಗಳನ್ನು ಎಳೆಯದರಲ್ಲೇ ಸವರಿ, ಆಳೆತ್ತರ ದಾಟುವ ತನಕ ಒಂದೇ ಕಾಂಡವಾಗಿ ಎಬ್ಬಿಸುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಮಕ್ಕಳ ವಿಷಯದಲ್ಲಿ ಎಷ್ಟು ನಿಜವೋ ನನಗೆ ಅನುಮಾನ, ಮಳೆಮರದ ವಿಷಯದಲ್ಲಂತೂ ಅಕ್ಷರಶಃ ನಿಜ. ಅದು ಬೆಳೆಯುವ ವೇಗಕ್ಕೆ ಬೆರಗಾಗಬೇಕು. ಹತ್ತು ವರ್ಷ ತುಂಬುವಷ್ಟರಲ್ಲಿ ನಮ್ಮ ಮಾಳಿಗೆಯನ್ನು ದಾಟಿತ್ತು.

ಈಗ ಸ್ವಲ್ಪ ದಿಕ್ಕಿನ ವಿಚಾರ ಹೇಳಬೇಕು, ಏಕೆಂದರೆ ನ್ಯಾಯದ ವಿಚಾರವೆಲ್ಲ ಅದರ ಮೇಲೆ ನಿಂತಿದೆ. ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದೆ, ಮರ ಮನೆಯ ಮುಂದಿದೆ. ಬೆಳಿಗ್ಗೆ ಅದರ ನೆರಳು ಪಶ್ಚಿಮಕ್ಕೆ, ಅಂದರೆ ನಮ್ಮ ಮನೆಯ ಮೇಲೆ. ಬೆಳಗಿನ ಬಿಸಿಲಿಗೆ ನೆರಳು ಯಾರಿಗೆ ಬೇಕು? ಚಳಿಗಾಲದಲ್ಲಂತೂ ನನ್ನ ಹೆಂಡತಿ ಹಪ್ಪಳ ಒಣಗಿಸಲು ಪಕ್ಕದ ಮನೆಯ ಮಾಳಿಗೆಗೆ ಹೋಗುತ್ತಾಳೆ. ಮಧ್ಯಾಹ್ನ ಒಂದರ ಮೇಲೆ ನೆರಳು ರಸ್ತೆಗೆ ಇಳಿದು, ಮೂರರ ಹೊತ್ತಿಗೆ ಎದುರು ಮನೆಯ ಗೋಡೆ ಹತ್ತುತ್ತದೆ. ಬೆಲೆಬಾಳುವ ನೆರಳು ಅದು. ಅಂದರೆ ನಾನು ನೆಟ್ಟ ಮರದ ಒಳ್ಳೆಯ ಪಾಲು ಹುಟ್ಟಿದಾಗಿನಿಂದಲೂ ನನ್ನದಲ್ಲ. ರಸ್ತೆಯಲ್ಲಿ ಆ ಪಾಲನ್ನು ಉಣ್ಣುವವರು ಇಸ್ತ್ರಿ ಗಾಡಿಯವರು, ಸವಾರಿ ಇಲ್ಲದ ಹೊತ್ತಿನಲ್ಲಿ ಮೂರ್ನಾಲ್ಕು ಆಟೋದವರು, ಎರಡನೇ ಪಾಳಿಗೆ ಹೊರಡುವ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ತಳ್ಳುಗಾಡಿಯ ಸೊಪ್ಪಿನಾಕೆ. ಸೊಪ್ಪಿನಾಕೆಗೆ ನೆರಳೆಂದರೆ ಆರಾಮವಲ್ಲ, ಬಂಡವಾಳ. ಬಿಸಿಲಿನಲ್ಲಿ ಒಂದು ಗಂಟೆ ನಿಂತರೆ ಅವಳ ಕೊತ್ತಂಬರಿ ಅರ್ಧ ಬೆಲೆಗೆ ಇಳಿಯುತ್ತದೆ. ಇಸ್ತ್ರಿಯವರು ದಿನಕ್ಕೆ ಮೂರು ಬಾರಿ ಗಾಡಿ ಸರಿಸುತ್ತಾರೆ. ಗಡಿಯಾರವಿಲ್ಲದ ದಿನ ನಾನು ಅವರ ಗಾಡಿ ಎಲ್ಲಿದೆ ಎಂದು ನೋಡಿ ಹೊತ್ತು ತಿಳಿದದ್ದುಂಟು.

ಗ್ರೀಕರ ಒಂದು ಕತೆ ಇದೆ. ಅಥೆನ್ಸಿನಿಂದ ಮೆಗರಾಕ್ಕೆ ಹೋಗಲು ಒಬ್ಬ ಯುವಕ ಕತ್ತೆಯೊಂದನ್ನು ಬಾಡಿಗೆಗೆ ಹಿಡಿದ. ನಡು ಮಧ್ಯಾಹ್ನ ಬಿಸಿಲು ತಡೆಯಲಾರದೆ ಕತ್ತೆಯ ನೆರಳಿನಲ್ಲಿ ಕೂರಲು ಹೋದರೆ, ಕತ್ತೆಯವನೂ ಅಲ್ಲೇ ಕೂರಬೇಕೆಂದ. ನಾನು ಬಾಡಿಗೆಗೆ ಕೊಟ್ಟದ್ದು ಕತ್ತೆಯನ್ನು, ನೆರಳನ್ನಲ್ಲ ಎಂದು ಅವನ ವಾದ. ಕತ್ತೆಯ ಜೊತೆ ನೆರಳೂ ಬಂತು ಎಂದು ಇವನ ವಾದ. ಡೆಮಾಸ್ತನೀಸ್ ಎಂಬ ಮಾತುಗಾರ ತನ್ನ ಮಾತನ್ನು ಕೇಳದೆ ಗದ್ದಲ ಮಾಡುತ್ತಿದ್ದ ಸಭೆಗೆ ಈ ಕತೆಯನ್ನು ಅರ್ಧ ಹೇಳಿ ಎದ್ದು ಹೊರಟನಂತೆ. ಸಭೆ ಮುಂದೇನಾಯಿತು ಎಂದು ಕೂಗಿತು. ಕತ್ತೆಯ ನೆರಳಿನ ಮೇಲಿರುವ ಆಸಕ್ತಿ ನಿಮಗೆ ನಾಡಿನ ವಿಷಯದಲ್ಲಿಲ್ಲವಲ್ಲ ಎಂದು ಅವನು ಗದರಿಸಿದ. ಅಲ್ಲಿಗೆ ಕತೆ ನಿಂತಿತು, ತೀರ್ಪು ಯಾರಿಗೂ ಗೊತ್ತಾಗಲಿಲ್ಲ. ನನಗೆ ಡೆಮಾಸ್ತನೀಸನ ಮೇಲೆ ಸಣ್ಣ ತಕರಾರಿದೆ. ನೆರಳಿನ ವ್ಯಾಜ್ಯವನ್ನು ಅವನು ಕ್ಷುಲ್ಲಕ ಎಂದುಕೊಂಡ. ತುಮಕೂರು ರಸ್ತೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂಲಿಗೆ ನಿಂತವನಾಗಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಈ ವ್ಯಾಜ್ಯ ಮೊದಲು ಬಂದದ್ದು ನೆರಳಿನ ಮೂಲಕವಲ್ಲ, ಕೊಂಬೆಯ ಮೂಲಕ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಗಾಳಿಮಳೆಯಲ್ಲಿ ಒಂದು ಕೊಂಬೆ ಮುರಿದು ಕೆಳಗೆ ನಿಂತಿದ್ದ ಆಟೋದ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಟಾಪು ಹರಿದು ಕಂಬಿ ಬಗ್ಗಿತ್ತು. ಜನ ಸೇರಿದರು. ಅಲ್ಲಿಯವರೆಗೆ ‘ನಮ್ಮ ಮರ’, ‘ಮರದ ಹತ್ರ’ ಎನ್ನುತ್ತಿದ್ದ ಬೀದಿ ಆ ಒಂದು ಸಂಜೆ “ಸಾರ್, ನಿಮ್ಮ ಮರ” ಎಂದಿತು. ನನಗೆ ನಗು ಬಂತು, ಒಳಗೊಳಗೆ ಕೋಪವೂ ಬಂತು. ನೆರಳು ಊರಿನದು, ಕೊಂಬೆ ಮಾತ್ರ ನನ್ನದೇ? ಮರ ಇರುವುದು ರಸ್ತೆಯ ಜಾಗದಲ್ಲಿ, ನನ್ನ ಕ್ರಯಪತ್ರದೊಳಗಲ್ಲ. ಕಾನೂನು ಹೇಳುವಂತೆ ನಾನು ಅದರ ಒಂದು ಕಡ್ಡಿ ಕಡಿಯಬೇಕಾದರೂ ಅಪ್ಪಣೆ ಬೇಕು. ಕಡಿಯುವ ಹಕ್ಕಿಲ್ಲದವನಿಗೆ ಬಿದ್ದುದರ ಹೊಣೆ ಹೇಗೆ ಬಂತು?

ಹೀಗೆಲ್ಲ ನಾನು ಮನಸ್ಸಿನಲ್ಲೇ ವಾದ ಹೂಡುತ್ತಿರುವಾಗ ಇಸ್ತ್ರಿಯವರು ಬಂದು ಐವತ್ತು ರೂಪಾಯಿಯ ಒಂದು ನೋಟನ್ನು ಆಟೋದವನ ಕೈಗೆ ಕೊಟ್ಟರು. ಯಾರೂ ಅವರನ್ನು ಕೇಳಿರಲಿಲ್ಲ. “ನಿತ್ಯ ಅದರ ಕೆಳ್ಗೇ ಇರ್ತೀವಲ್ಲ ಸಾಮಿ” ಎಂದರು, ಅಷ್ಟೇ. ಆಮೇಲೆ ನಾನೂ ಕೊಟ್ಟೆ, ಅಂಗಡಿಯವರೂ ಕೊಟ್ಟರು, ಆಟೋ ರಿಪೇರಿಯಾಯಿತು. ಆ ರಾತ್ರಿ ನಾನು ಯೋಚಿಸಿದ್ದು ಇಷ್ಟು: ಹಕ್ಕು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ನಾವು ಕ್ರಯ, ದಾನ, ಪಿತ್ರಾರ್ಜಿತ ಎಂದು ಮೂರು ನಾಲ್ಕು ಬಾಗಿಲುಗಳನ್ನು ಹೇಳುತ್ತೇವೆ. ಋಣದ ಬಾಗಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಮನುಷ್ಯ ನೆರಳಿನ ಋಣವನ್ನು ಒಪ್ಪಿಕೊಂಡು ಹಣ ಕೊಟ್ಟರು. ಹೊಣೆಯಲ್ಲಿ ಪಾಲು ತೆಗೆದುಕೊಂಡವರಿಗೆ ಮಾತಿನಲ್ಲಿ ಪಾಲಿಲ್ಲ ಎಂದು ಹೇಳುವುದು ಹೇಗೆ? ಮರ ಕಡಿಯಬೇಕೆ ಬೇಡವೆ ಎಂದು ಕೇಳುವಾಗ ಅರ್ಜಿಯಲ್ಲಿ ಅವರ ಹೆಸರಿಗೆ ಒಂದು ಗೆರೆಯೂ ಇರುವುದಿಲ್ಲ. ಅವರಿಗೆ ಈ ಬೀದಿಯಲ್ಲಿ ಸೈಟಿಲ್ಲ, ಕಂದಾಯದ ರಸೀತಿಯಿಲ್ಲ.

ಎದುರು ಮನೆಯವರ ಪಕ್ಷವನ್ನು ನ್ಯಾಯವಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನನ್ನನ್ನು ಅಣ್ಣಾ ಎಂದೇ ಕರೆಯುತ್ತಾರೆ, ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಜೊತೆಗೆ ಕೂತವರು. ಸಾಲ ಮಾಡಿ ಮೂರು ಅಂತಸ್ತು ಎಬ್ಬಿಸಿದ್ದಾರೆ. ಅವರ ತಕರಾರುಗಳು ಸುಳ್ಳಲ್ಲ. ಸೋಲಾರ್ ಒಲೆಗೆ, ಅಂದರೆ ನೀರು ಕಾಯಿಸುವ ಹಂಡೆಗೆ, ಮಧ್ಯಾಹ್ನದ ಬಿಸಿಲು ಸಿಗುವುದಿಲ್ಲ. ಮಾಳಿಗೆಯ ನೀರಿನ ಕೊಳವೆಗೆ ಎಲೆ ಕಟ್ಟಿಕೊಳ್ಳುತ್ತದೆ. ಅಂಗೈಯಷ್ಟು ದೊಡ್ಡ ಎಲೆಯಾದರೆ ಗುಡಿಸಬಹುದು, ಈ ಮರದ್ದು ಚೂರು ಚೂರು. ಎಲ್ಲಕ್ಕಿಂತ ಮುಖ್ಯವಾಗಿ ಬೇರು ರಸ್ತೆಯಡಿ ದಾಟಿ ಅವರ ಸಂಪಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಿಸಿದೆ. ಕಾವೇರಿ ನೀರು ಬರುವುದೇ ಎರಡು ದಿನಕ್ಕೊಮ್ಮೆ, ಬಂದ ನೀರು ಮರಕ್ಕೆ ಹೋದರೆ ಅವರು ಕುಡಿಯುವುದೇನು? ಒಂದು ದಿನ ಗೇಟಿನ ಹತ್ತಿರ ನಿಂತು, “ಅಣ್ಣಾ, ನೀವು ನೆಟ್ರಿ, ನಿಮ್ಗೆ ಹೆಸ್ರು ಬಂತು. ಬೇರು ಬಂದಿದ್ದು ನಮ್ಮನೇಗೆ” ಎಂದರು. ಈ ಮಾತಿಗೆ ಉತ್ತರ ಹುಡುಕುವುದು ಸುಲಭವಲ್ಲ. ಪರೋಪಕಾರ ಮಾಡುವವನು ತನ್ನ ಉಪಕಾರದ ಖರ್ಚನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯಬಹುದೇ?

ಆದರೆ ಅವರ ಮೂರನೆಯ ಅಂತಸ್ತಿನ ಮೇಲೆ ಶೀಟು ಹೊದಿಸಿದ ನಾಲ್ಕು ಕೋಣೆಗಳಿವೆ. ಪೀಣ್ಯದಲ್ಲಿ ದುಡಿಯುವ ಹುಡುಗರು, ಗಾರ್ಮೆಂಟ್ಸಿನ ಹುಡುಗಿಯರು ಬಾಡಿಗೆಗಿದ್ದಾರೆ. ಆ ಶೀಟಿನ ಮೇಲೆ ಮಧ್ಯಾಹ್ನದ ನಂತರ ಬೀಳುವುದು ಈ ಮರದ ನೆರಳೇ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಹುಡುಗಿಯೊಬ್ಬಳು ಅರ್ಜಿಯ ಸುದ್ದಿ ಕೇಳಿ, “ತಾತ, ಮರ ಹೋದ್ರೆ ನಾವು ಮನೆ ಬದಲಾಯಿಸ್ಬೇಕಷ್ಟೆ” ಎಂದಳು. ಒಂದೇ ಕಟ್ಟಡದಲ್ಲಿ ಮರದ ಕೇಡು ಒಡೆಯನಿಗೆ, ಮರದ ತಂಪು ಬಾಡಿಗೆಯವರಿಗೆ. ದಾಖಲೆಯಲ್ಲಿ ಆ ಮನೆಯ ಅಭಿಪ್ರಾಯ ಒಂದೇ.

ತಂಪು ಎಂದದ್ದು ಬರಿಯ ಭಾವನೆಯಲ್ಲ. ಬೆಂಗಳೂರಿನ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಈ ಊರಿನ ರಸ್ತೆಗಳಲ್ಲಿ ಮರವಿರುವ ಭಾಗವನ್ನೂ ಇಲ್ಲದ ಭಾಗವನ್ನೂ ಅಳೆದು ನೋಡಿದರು. ಮಧ್ಯಾಹ್ನದ ಗಾಳಿಯ ಉಷ್ಣತೆ ಮರವಿರುವಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ, ರಸ್ತೆಯ ಮೈಯ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆ. ನನ್ನ ತಂದೆ ಬದುಕಿದ್ದರೆ ಈ ಅಂಕಿಗಳನ್ನು ತೋರಿಸುತ್ತಿದ್ದೆ. ಬರಿಗಾಲಿನಲ್ಲಿ ನಡೆಯುತ್ತಿದ್ದ ಅವರಿಗೆ ಅಂಕಿ ಬೇಕಾಗುತ್ತಿರಲಿಲ್ಲ, ಅದು ಬೇರೆ ಮಾತು.

ಉಪಯೋಗವಿಲ್ಲದ ಮರದ ಬಗ್ಗೆ ಚೀನಾದ ಚುವಾಂಗ್ ತ್ಸು ಹೇಳಿದ ಕತೆ ಅನೇಕರಿಗೆ ಗೊತ್ತಿರಬಹುದು. ಬಡಗಿಯೊಬ್ಬ ಊರಿನ ಗುಡಿಯ ಬಳಿ ಭಾರಿ ಓಕ್ ಮರವನ್ನು ಕಂಡು ಇದು ಯಾತಕ್ಕೂ ಬಾರದು ಎಂದು ಮುಂದೆ ಹೋದ. ರಾತ್ರಿ ಕನಸಿನಲ್ಲಿ ಮರ ಬಂದು, ಉಪಯೋಗಕ್ಕೆ ಬಾರದೆ ಇದ್ದದ್ದರಿಂದಲೇ ನಾನು ಇಷ್ಟು ಕಾಲ ಉಳಿದೆ ಎಂದಿತು. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಸಣ್ಣ ತುಣುಕೇ ನನಗೆ ಬೇಕಾದ್ದು. ಬೆಳಿಗ್ಗೆ ಬಡಗಿಯ ಶಿಷ್ಯ ಕೇಳುತ್ತಾನೆ: ಉಪಯೋಗವೇ ಬೇಡವಾಗಿದ್ದರೆ ಅದು ಗುಡಿಯ ಪಕ್ಕ ಏಕೆ ನಿಂತಿದೆ? ಗುರು ಅವನ ಬಾಯಿ ಮುಚ್ಚಿಸುತ್ತಾನೆ. ಗುಡಿಯ ಆಸರೆ ಇಲ್ಲದಿದ್ದರೆ ಕಡಿಸಿಕೊಳ್ಳುವ ಅಪಾಯ ಅದಕ್ಕೂ ಇತ್ತು ಎಂಬುದು ಗುರುವಿಗೂ ಗೊತ್ತು. ಅಂತೂ ಚುವಾಂಗ್ ತ್ಸುವಿನ ಮರಕ್ಕೂ ಒಂದು ದೇವರು ಬೇಕಾಯಿತು. ನಮ್ಮ ಕಾಲದಲ್ಲಿ ಉಪಯೋಗಕ್ಕೆ ಬಾರದ ಮರವೇ ಮೊದಲು ಹೋಗುವುದು. ನನ್ನ ಹಿತೈಷಿಯೊಬ್ಬರು, “ಒಂದು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬುಡದಲ್ಲಿ ಇಟ್ಬಿಡಿ ಸಾರ್, ಯಾರೂ ಮುಟ್ಟಲ್ಲ” ಎಂದು ಸಲಹೆ ಕೊಟ್ಟರು. ಈ ಉಪಾಯ ಫಲಿಸುತ್ತದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಬೆಂಗಳೂರಿನ ಎಷ್ಟೋ ಮರಗಳು ಹೀಗೆ ಬದುಕಿವೆ. ನನಗೆ ಮನಸ್ಸಾಗಲಿಲ್ಲ. ನಂಬದ ದೇವರನ್ನು ಕಾವಲಿಗೆ ನಿಲ್ಲಿಸುವುದು ದೇವರಿಗೂ ಅವಮಾನ, ನೆರೆಯವರಿಗೂ ಅವಮಾನ. ನ್ಯಾಯದಿಂದ ಗೆಲ್ಲಬೇಕಾದ ಮಾತನ್ನು ಭಯದಿಂದ ಗೆದ್ದ ಹಾಗಾಗುತ್ತದೆ.

ಇನ್ನೊಬ್ಬ ತರುಣರು, ಓದಿದವರು, ಇದು ವಿದೇಶಿ ಮರ, ಹೋದರೆ ಹೋಗಲಿ, ಆ ಜಾಗದಲ್ಲಿ ದೇಶೀ ಗಿಡ ನೆಡೋಣ ಎಂದರು. ಹೊಸದಾಗಿ ನೆಡುವಾಗ ಹೊಂಗೆಯನ್ನೋ ಬೇವನ್ನೋ ಆರಿಸಬೇಕೆಂದರೆ ನಾನೂ ಕೈಯೆತ್ತುತ್ತೇನೆ. ಹೊಂಗೆಯ ನೆರಳನ್ನು ಹೆತ್ತವ್ವನ ಮಡಿಲಿಗೆ ಹೋಲಿಸುವ ನಾಡು ನಮ್ಮದು, ಮೂವತ್ತಡಿ ರಸ್ತೆಗೆ ಅದರ ಮೈಕಟ್ಟೂ ಸರಿ. ಆದರೆ ನಿಂತ ಮರಕ್ಕೆ ಪೌರತ್ವದ ಪರೀಕ್ಷೆ ಮಾಡುವುದು ನನಗೆ ಹಿಡಿಸದು. ಮೆಣಸಿನಕಾಯಿ, ಕಡಲೆಕಾಯಿ, ಪರಂಗಿ ಮೂರೂ ಈ ಮರದ ತವರಿನ ಕಡೆಯವೇ. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕದ ಬೆಟ್ಟಸೀಮೆ. ಮುದ್ದೆ ನುಂಗಿ, ಮೆಣಸಿನಕಾಯಿ ಕಚ್ಚಿ, ಆಮೇಲೆ ಮರಕ್ಕೆ ಹೊರಗಿನದೆಂದು ಹೇಳಬೇಕಾದರೆ ಸ್ವಲ್ಪ ನೀರು ಕುಡಿಯಬೇಕಾಗುತ್ತದೆ.

ಒಂದು ಕಡಿದರೆ ಹತ್ತು ನೆಡುತ್ತೇವೆ ಎಂಬುದು ಈಗ ಎಲ್ಲೆಡೆ ಕೇಳುವ ಸಮಾಧಾನ. ಲೆಕ್ಕ ನೋಡಿದರೆ ಲಾಭವೇ. ಆದರೆ ನೆರಳಿಗೆ ವರ್ಗಾವಣೆ ಎಂಬುದಿಲ್ಲ. ಹೆಸರಘಟ್ಟದಾಚೆ ನೆಟ್ಟ ಹತ್ತು ಗಿಡಗಳು ನಮ್ಮ ಸೊಪ್ಪಿನಾಕೆಯ ಕೊತ್ತಂಬರಿಯನ್ನು ಕಾಯುವುದಿಲ್ಲ. ಅವು ಮರವಾಗುವ ಹೊತ್ತಿಗೆ ಅವಳು ಗಾಡಿ ತಳ್ಳುವ ಶಕ್ತಿ ಕಳೆದುಕೊಂಡಿರುತ್ತಾಳೆ. ಒಬ್ಬನಿಂದ ಕಿತ್ತು ಇನ್ನೊಬ್ಬನಿಗೆ, ಅದೂ ಇಪ್ಪತ್ತು ವರ್ಷದ ಮೇಲೆ ಕೊಡುವುದನ್ನು ಪರಿಹಾರ ಎನ್ನುವುದು ಭಾಷೆಗೆ ಮಾಡುವ ಅನ್ಯಾಯ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಬಂತು, 2015ರ ಮೇ 1ರಂದು ದಾಸರಹಳ್ಳಿಗೆ ಮೆಟ್ರೋ ಬಂತು. ಮೆಟ್ರೋದಿಂದ ನನಗೆ ಆಗಿರುವ ಉಪಕಾರ ದೊಡ್ಡದು, ನನ್ನ ಮೊಣಕಾಲು ಅದಕ್ಕೆ ಸಾಕ್ಷಿ. ಈಗ ಹೆದ್ದಾರಿಯಲ್ಲಿ ಜನ ನಿಲ್ಲುವುದು ಕಾಂಕ್ರೀಟಿನ ನೆರಳಿನಲ್ಲಿ. ಅದೂ ನೆರಳೇ, ಅಲ್ಲಗಳೆಯಲಾರೆ. ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಅದು ಜನರ ಮೈಮೇಲೆ ಉಗುಳುತ್ತದೆ ಎಂಬುದಷ್ಟೇ ವ್ಯತ್ಯಾಸ. ಮರ ಬಿಸಿಲನ್ನು ನೀರಿನ ಆವಿಯಲ್ಲಿ ಕರಗಿಸಿಬಿಡುತ್ತದೆ.

ಅಶೋಕ ದಾರಿಯ ಪಕ್ಕದಲ್ಲಿ ಆಲದ ಮರಗಳನ್ನು ನೆಡಿಸಿದ್ದು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಎಂದು ತನ್ನ ಶಾಸನದಲ್ಲಿ ಹೇಳಿಸಿದ್ದಾನೆ. ನೆರಳನ್ನು ರಾಜಧರ್ಮದ ಪಟ್ಟಿಗೆ ಸೇರಿಸಿದ್ದು ಸಣ್ಣ ಮಾತಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲು ಬೆಳೆಸಿದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯನವರಿಗೆ ರಾಜ್ಯವೂ ಇರಲಿಲ್ಲ, ಹೊಲವೂ ಇರಲಿಲ್ಲ. ಕೊಡದಲ್ಲಿ ನೀರು ಹೊತ್ತು ಬೇರೆಯವರು ನಡೆಯುವ ದಾರಿಗೆ ನೆರಳು ಮಾಡಿದರು. ಆ ಸಾಲಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಾಗ ತಿಮ್ಮಕ್ಕನವರೇ ಮುಖ್ಯಮಂತ್ರಿಗಳಿಗೆ ಮೊರೆಯಿಡಬೇಕಾಯಿತು. ನೆಟ್ಟವರು ನೂರು ದಾಟಿದ ಮೇಲೂ ನೆಟ್ಟದ್ದರ ಹೊಣೆ ಮುಗಿದಿರಲಿಲ್ಲ. ನನ್ನ ಒಂದು ಮರವನ್ನು ಆ ಸಾಲಿನೊಂದಿಗೆ ಹೋಲಿಸುವ ಧೈರ್ಯ ನನಗಿಲ್ಲ, ಹೊಣೆಯ ಅವಧಿ ಎಷ್ಟು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಒಂದು ಉತ್ತರ ಸಿಕ್ಕಿತು.

1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅರ್ಜಿಯ ಮೇಲೆ ಪರಿಶೀಲನೆಗೆ ಕಚೇರಿಯಿಂದ ಒಬ್ಬರು ಬಂದರು. ಬರುವುದಕ್ಕೆ ತಿಂಗಳುಗಳು ಹಿಡಿದವು. ಆ ತಿಂಗಳುಗಳೇ ನಮಗೆ ಅನುಕೂಲವಾದವು. ನಾನು ಎದುರು ಮನೆಗೆ ಹೋಗಿ ಕಾಫಿ ಕುಡಿಯುತ್ತ ಒಂದು ಲೆಕ್ಕ ಮುಂದಿಟ್ಟೆ. ಬಿಸಿನೀರು ಹೆಚ್ಚು ಬೇಕಾಗುವುದು ಕಾರ್ತೀಕದಿಂದ ಶಿವರಾತ್ರಿಯವರೆಗೆ. ಶೀಟಿನ ಕೋಣೆಗಳು ಕಾಯುವುದು ಯುಗಾದಿಯಿಂದ ಮುಂಗಾರಿನವರೆಗೆ. ಹಂಡೆಯ ಮೇಲೆ ಚಾಚಿದ ಕೊಂಬೆಗಳನ್ನು ನವೆಂಬರಿನಲ್ಲಿ ಅಪ್ಪಣೆ ಪಡೆದು ಹದವಾಗಿ ಸವರಿದರೆ ಚಳಿಗಾಲಕ್ಕೆ ಬಿಸಿಲು ಬರುತ್ತದೆ, ಏಪ್ರಿಲ್ಲಿನ ಹೊತ್ತಿಗೆ ಮಳೆಮರ ತಾನೇ ಮತ್ತೆ ಮುಚ್ಚಿಕೊಳ್ಳುತ್ತದೆ. ಬೇರಿನ ವಿಷಯ ಇಷ್ಟು ಸುಲಭವಲ್ಲ. ಒಂದು ಪಕ್ಕದ ಬೇರನ್ನು ಪೂರ್ತಿ ಕಡಿದರೆ ಇಷ್ಟಗಲದ ಮರ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ನಾನು ಜೀವಮಾನವೆಲ್ಲ ಭಾರ ಎತ್ತುವ ಯಂತ್ರಗಳಿಗೆ ಅಚ್ಚು ಕೊರೆದವನು, ಅಷ್ಟು ತಿಳಿಯುತ್ತದೆ. ಸಂಪಿನೊಳಗೆ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಇಳಿಸುವುದೇ ದಾರಿ. ಅದರ ಅರ್ಧ ಖರ್ಚು ನನ್ನದು ಎಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಅವರ ಹೆಂಡತಿ ಒಳಗಿನಿಂದ, “ಕೊಡ್ಲಿ ಬಿಡಿ, ಆಮೇಲೆ ಎಲೆ ಗುಡಿಸೋದ್ರಲ್ಲೂ ಅರ್ಧ ಕೇಳೋಣ” ಎಂದರು. ಪರಿಶೀಲನೆಗೆ ಬಂದವರ ಮುಂದೆ ಕಡಿಯುವ ಅರ್ಜಿ ಹೋಗಿ ಸವರುವ ಅರ್ಜಿಯಾಯಿತು.

ಇದು ಶಾಶ್ವತವಾದ ಇತ್ಯರ್ಥವೆಂದು ನಾನು ನಂಬಿಲ್ಲ. ನನಗೆ ಎಪ್ಪತ್ತೈದು ದಾಟಿದೆ. ಮಕ್ಕಳಿಬ್ಬರೂ ಬೇರೆ ಊರುಗಳಲ್ಲಿ ನೆಲೆಸಿದ್ದಾರೆ, ನಮ್ಮ ನಂತರ ಮನೆ ಮಾರುತ್ತಾರೆ, ಕೊಂಡವರು ಕೆಡವಿ ಅಂತಸ್ತು ಕಟ್ಟುತ್ತಾರೆ. ಈಚೆಗೆ ಉಯಿಲು ಬರೆಸಲು ಹೋದಾಗ ಮರದ ವಿಷಯವನ್ನೂ ಒಂದು ಸಾಲು ಸೇರಿಸಿ ಎಂದೆ. ಪತ್ರ ಬರಹಗಾರರು ಕನ್ನಡಕ ತೆಗೆದು ನನ್ನನ್ನು ನೋಡಿ, “ರಸ್ತೇಲಿರೋದನ್ನ ಉಯಿಲಿಗೆ ಹಾಕೋಕ್ಕಾಗಲ್ಲ ಯಜಮಾನ್ರೇ” ಎಂದರು. ಸರಿಯಾದ ಮಾತು. ಹಾಗಾಗಿ ಬೇರೆ ಒಂದು ಹಾಳೆಯಲ್ಲಿ ನಾನೇ ಬರೆದು ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ನವೆಂಬರಿನಲ್ಲಿ ಯಾವ ಕೊಂಬೆ, ಎಷ್ಟು. ತುಂಡಾದ ಕಡೆ ಏನು ಬಳಿಯಬೇಕು. ವಿದ್ಯುತ್ ತಂತಿಯ ಪಕ್ಕದ ಕವಲನ್ನು ಯಾವಾಗ ನೋಡಿಕೊಳ್ಳಬೇಕು. ಕೊನೆಯಲ್ಲಿ, ಮರದ ವಿಷಯದಲ್ಲಿ ಏನನ್ನೇ ಮಾಡುವ ಮೊದಲು ಕೇಳಬೇಕಾದವರು ಎಂದು ಮೂವರನ್ನು ಬರೆದಿದ್ದೇನೆ: ಎದುರು ಮನೆಯವರು, ಅವರ ಮೇಲಿನ ಕೋಣೆಗಳಲ್ಲಿ ಆಗ ಇರುವವರು, ಇಸ್ತ್ರಿ ಗಾಡಿಯವರು. ಸೊಪ್ಪಿನಾಕೆಯ ಹೆಸರನ್ನು ಸೇರಿಸುವುದಕ್ಕೆ ಜಾಗ ಬಿಟ್ಟಿದ್ದೇನೆ. ಅವಳನ್ನು ಕೇಳಿದರೆ ಹೆಸರು ಯಾಕೆ ಸಾರ್, ಯಾವ ಸೊಪ್ಪು ಬೇಕು ಹೇಳಿ ಎನ್ನುತ್ತಾಳೆ.